ಮೀನಿನ ಮರಿ ಬಣ್ಣ ತಿರುಗಿದ್ದು

ಮೊನ್ನೆ ನಂಜನಗೂಡಿನ ಮಾರ್ಕೆಟ್ಟಿನಲ್ಲಿ ಟೊಮೆಟೊ ಮಾರುವ ಹೆಂಗಸು ನನ್ನ ಕೈ ಮೇಲೆ ಪಟ್ ಅಂತ ಒಂದು ಏಟು ಕೊಟ್ಟಳು.

"ಏನ್ ಸಾ, ಒಂದೊಂದ್ನೂ ಇಸುಕಿ ಇಸುಕಿ ನೋಡ್ತಿದ್ದೀರಲ್ಲ, ಕಣ್ ಕಾಣಕಿಲ್ವಾ? ಕೆಂಪ್ಗಿರದು ಅಣ್ಣು, ಅಸ್ರಾಗಿರದು ಕಾಯಿ. ನೋಡ್ ತಗಳಿ!"

ಅವಳು ಹೇಳಿದ್ದು ನ್ಯಾಯವಾಗಿಯೇ ಇತ್ತು. ನನ್ನ ಕಷ್ಟ ಅವಳಿಗೆ ಹೇಗೆ ಗೊತ್ತಾಗಬೇಕು? ನನಗೀಗ ಐವತ್ತನಾಲ್ಕು. ಈ ಐವತ್ತನಾಲ್ಕು ವರ್ಷದಲ್ಲಿ ಒಂದು ದಿನವಾದರೂ ಕೆಂಪು ಯಾವುದು, ಹಸಿರು ಯಾವುದು ಅಂತ ನನ್ನ ಕಣ್ಣು ನನಗೆ ನೆಟ್ಟಗೆ ಹೇಳಿದ್ದಿಲ್ಲ. ಹಣ್ಣು, ಕಾಯಿ, ಎಲೆ, ಇಟ್ಟಿಗೆ, ಮದುವೆ ಮನೆಯ ರತ್ನಗಂಬಳಿ, ಅದರ ಪಕ್ಕದ ಹುಲ್ಲು, ಎಲ್ಲವೂ ನನಗೆ ಒಂದೇ ಕುಟುಂಬದವರ ಹಾಗೆ ಕಾಣುತ್ತವೆ. ನೀಲಿ ಮಾತ್ರ ಯಾವತ್ತೂ ಕೈಕೊಟ್ಟಿಲ್ಲ. ನಾನು ಹುಟ್ಟಿ ಬೆಳೆದ ಊರು ಕಳಲೆಯ ನಮ್ಮ ಮನೆಯ ಗೋಡೆಯಲ್ಲಿ ದೇವರ ಪಟಗಳ ಬದಲು ನೀಲಿ ಕೋಟಿನ ಒಂದೇ ಒಂದು ಫೋಟೋ ಇತ್ತು. ಆ ಕೋಟಿನ ಬಣ್ಣದಲ್ಲಿ ನನಗೂ ಊರಿನವರಿಗೂ ಎಂದೂ ಭಿನ್ನಾಭಿಪ್ರಾಯ ಬಂದಿಲ್ಲ.

ಹಿಸುಕಿ ನೋಡುವ ಅಭ್ಯಾಸ ನಮ್ಮವ್ವ ಕಲಿಸಿದ್ದು. ಚಿಕ್ಕವನಿದ್ದಾಗ ಅವ್ವನ ಜೊತೆ ಟೊಮೆಟೊ ಕೀಳುವ ಕೂಲಿಗೆ ಹೋಗುತ್ತಿದ್ದೆ. ಮೊದಲನೇ ದಿನ ನನ್ನ ಮಂಕರಿಯಲ್ಲಿ ಹಣ್ಣಿಗಿಂತ ಕಾಯಿಯೇ ಜಾಸ್ತಿ. ಹೊಲದವರು ರೇಗಾಡಿದರು. ಅವ್ವ ನನ್ನನ್ನು ಬದುವಿನ ಮೇಲೆ ಕೂರಿಸಿಕೊಂಡು, ಒಂದು ಹಣ್ಣು ಒಂದು ಕಾಯಿ ಎರಡನ್ನೂ ಅಂಗೈಯಲ್ಲಿಟ್ಟು ಕೇಳಿದಳು, "ಯಾವ್ದು ಮಗ ಕೆಂಪು?" ನಾನು ಧೈರ್ಯವಾಗಿ ಕಾಯಿ ತೋರಿಸಿದೆ. ಅವಳು ಬಯ್ಯಲಿಲ್ಲ. ನನ್ನ ಬೆರಳು ಹಿಡಿದು ಎರಡರ ಮೇಲೂ ಒತ್ತಿಸಿದಳು. ಆಮೇಲೆ, "ಓಗ್ಲಿ ಬುಡು. ಬೆರಳು ಇಟ್ಟು ನೋಡು. ಮೆತ್ಗಿದ್ರೆ ಕೀಳು, ಗಟ್ಟಿಗಿದ್ರೆ ಬುಡು" ಅಂದಳು. ಸಾಯಂಕಾಲದ ಹೊತ್ತಿಗೆ ನನ್ನ ಮಂಕರಿಯಲ್ಲಿ ಒಂದು ಕಾಯಿಯೂ ಇರಲಿಲ್ಲ.

ಬೆರಳಿನಿಂದ ಕೆಲಸ ಆಗದ ಕಡೆ ಮಾತ್ರ ಮಾನ ಹೋಗುತ್ತಿತ್ತು. ಸ್ಕೂಲಿನಲ್ಲಿ ಮಾವಿನ ಮರ ಬರೆದು ಎಲೆಗೆಲ್ಲ ಕಂದು ಬಳಿದೆ. ಡ್ರಾಯಿಂಗ್ ಮೇಷ್ಟ್ರು, "ಏನೋ, ಮರ ಒಣಗಿಸಿಬಿಟ್ಯಲ್ಲೋ!" ಅಂದು ಕಿವಿ ಹಿಂಡಿದರು. ದೊಡ್ಡವನಾದ ಮೇಲೆ ಬಸ್ ಡ್ರೈವರ್ ಆಗಬೇಕೆಂದು ಹೊರಟೆ. ಕಣ್ಣಿನ ಡಾಕ್ಟರು ಚುಕ್ಕೆ ಚುಕ್ಕೆಯ ಒಂದು ಪುಸ್ತಕ ತೆಗೆದು, "ಇದರಲ್ಲಿ ಯಾವ ನಂಬರಿದೆ?" ಅಂದರು. ನನಗೆ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು ಕಂಡವು. ಡ್ರೈವರ್ ಸೀಟು ತಪ್ಪಿತು. ಕೊನೆಗೆ ಅದೇ ಬಸ್ಸಿಗೆ ಕಂಡಕ್ಟರ್ ಆದೆ. ಆ ಬಸ್ಸು ಕೆಂಪಗಿದೆ ಅಂತ ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೇನೆ.

ಮದುವೆಯಾದದ್ದು ನಾಗರತ್ನಳನ್ನು. ಸೋಸಲೆಯವಳು, ನಂಜನಗೂಡಿನ ನಮ್ಮ ಮನೆಯಲ್ಲೇ ಟೈಲರಿಂಗ್ ಮಾಡುತ್ತಾಳೆ. ಬೀದಿಯ ಅರ್ಧ ಹೆಂಗಸರ ರವಿಕೆ ಅವಳ ಮಿಷನ್ನಿನಿಂದಲೇ ಹೊರಬೀಳುವುದು. ಬಣ್ಣವೇ ಅವಳ ಕಸುಬು. ಗಿಳಿಹಸಿರು, ಪಾಚಿಹಸಿರು, ಎಳೆಹಸಿರು ಅಂತ ಅವಳು ಬಿಡಿಸಿ ಬಿಡಿಸಿ ಹೇಳುವಾಗ ನಾನು ಬೇರೆ ದೇಶದವನ ಹಾಗೆ ಕೇಳುತ್ತಾ ಕೂತಿರುತ್ತೇನೆ. ಹೊಸತರಲ್ಲಿ ಒಮ್ಮೆ, ಸೀರೆಯ ತುಂಡು ಕೈಗೆ ಕೊಟ್ಟು, "ಇದಕ್ಕೆ ಮ್ಯಾಚ್ ಆಗೋ ದಾರ ತನ್ನಿ" ಅಂತ ಕಳಿಸಿದ್ದಳು. ನಾನು ತಂದ ದಾರ ನೋಡಿ ಅವಳು ತಲೆ ಮೇಲೆ ಕೈ ಹೊತ್ತುಕೊಂಡು ಕೂತದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದಿನಿಂದ ಮನೆಯ ಬಣ್ಣದ ಖಾತೆ ಪೂರ್ತಿ ಅವಳದ್ದು. ನನ್ನ ಅಂಗಿ ಯಾವುದಕ್ಕೆ ಯಾವುದು ಅಂತ ಹ್ಯಾಂಗರಿಗೆ ಜೋಡಿಸಿಟ್ಟಿರುತ್ತಾಳೆ. ನಾನು ಹಾಕಿಕೊಂಡು ಡ್ಯೂಟಿಗೆ ಹೋಗುತ್ತೇನೆ.

ಇಂಥ ನನ್ನ ಪಾಲಿಗೆ ಬಂದದ್ದು ನೋಡಿ, ಬಣ್ಣದ ಮೀನು!

ಅವತ್ತು ನಂಜನಗೂಡಿನಿಂದ ಹೊರಟ ಬಸ್ಸು ತಿ. ನರಸೀಪುರ ತಲುಪಿ ಜನರೆಲ್ಲ ಇಳಿದ ಮೇಲೆ ಎಂದಿನಂತೆ ಸೀಟಿನ ಕೆಳಗೆಲ್ಲ ಬಗ್ಗಿ ನೋಡುತ್ತಾ ಬಂದೆ. ಬಸ್ಸಿನಲ್ಲಿ ಜನ ಏನೇನು ಬಿಟ್ಟು ಹೋಗುತ್ತಾರೆ ಅಂತ ಹೇಳಿದರೆ ನೀವು ನಗುತ್ತೀರಿ. ಕೊಡೆ, ಚಪ್ಪಲಿಯ ಒಂದು ಕಾಲು, ರಾಗಿ ಹಿಟ್ಟು, ಒಂದು ಸಲ ಜಾತಕದ ಕಟ್ಟು, ಇನ್ನೊಂದು ಸಲ ಕಟ್ಟಿಸಿದ ಹಲ್ಲಿನ ಸೆಟ್ಟು. ಅವತ್ತು ಸಿಕ್ಕಿದ್ದು ಗಾಳಿ ತುಂಬಿ ಗಂಟು ಹಾಕಿದ ಒಂದು ಪ್ಲಾಸ್ಟಿಕ್ ಕವರು. ಒಳಗೆ ನೀರು, ನೀರಲ್ಲಿ ಎರಡು ಮೀನು. ಎರಡೂ ನನ್ನನ್ನೇ ನೋಡುತ್ತಿದ್ದವು.

ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಒಯ್ದೆ. ಅವರು ಕನ್ನಡಕ ಏರಿಸಿ, "ಇದ್ನ ಎಲ್ಲಿಡ್ಲಿ ಸ್ವಾಮಿ? ಬೀರುನಲ್ಲಿ ಇಡಕಾಯ್ತದಾ? ಮನೆಗ್ ತಗಂಡೋಗು. ಯಾರಾದ್ರೂ ಕೇಳಿದ್ರೆ ನಿನ್ ನಂಬರ್ ಕೊಡ್ತೀನಿ" ಅಂದರು. ಒಂದು ತಿಂಗಳು ಅದೇ ಟ್ರಿಪ್ಪಿನಲ್ಲಿ ನಾನೂ ವಿಚಾರಿಸಿದೆ. "ಮೀನು ಯಾರ್ದಾದ್ರೂ ಬಿಟ್ಟೋಗಿತ್ತಾ?" ಅಂತ ಕೇಳಿದರೆ ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು. ಸುತ್ತೂರಿನಲ್ಲಿ ಹತ್ತಿದ ಒಬ್ಬ ಅಜ್ಜಿಯಂತೂ, "ಬೇಯ್ಸಿದ್ದೋ, ಅಸಿದೋ?" ಅಂದಳು. ಕೊನೆಗೆ ಮೀನು ನಮ್ಮವೇ ಆದವು.

ನಾಗರತ್ನ ಮೊದಲ ದಿನವೇ ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿದಾವ್ರೀ! ಕನಕಾಂಬರದ ಬಣ್ಣ!" ಅಂದಳು. ನನ್ನ ಕಣ್ಣಿಗೆ ಹುಣಸೆಹಣ್ಣು ಹಾಕಿ ಉಜ್ಜದ ಹಿತ್ತಾಳೆ ಚೊಂಬಿನ ಹಾಗಿದ್ದವು. ಆದರೂ ಹೂಂ ಅಂದೆ. ಗೋಲ್ಡ್ ಫಿಶ್ ಅಂತ ಹೆಸರು ಹೇಳಿದವನು ಇಲಿಯಾಸ್. ನಮ್ಮ ಬೀದಿಯ ಕೊನೆಯಲ್ಲಿ ಅವನದು ಸಣ್ಣದೊಂದು ಅಕ್ವೇರಿಯಂ ಅಂಗಡಿ. ಹಿತ್ತಲಿನ ಸಿಮೆಂಟ್ ತೊಟ್ಟಿ ಖಾಲಿ ಇತ್ತು. ಅದಕ್ಕೆ ನೀರು ತುಂಬಿ, ಕೆರೆಯಿಂದ ಎರಡು ಅಂತರಗಂಗೆ ಗಿಡ ತಂದು ತೇಲಿಬಿಟ್ಟು, ಮೀನುಗಳನ್ನು ಬಿಟ್ಟೆ. ನಲ್ಲಿ ನೀರಿನ ಬ್ಲೀಚಿಂಗ್ ಪೌಡರ್ ವಾಸನೆ ಮೀನಿಗೆ ಆಗದು, ಡ್ರಮ್ಮಿನಲ್ಲಿ ಒಂದು ದಿನ ಬಿಸಿಲಿಗಿಟ್ಟು ಆಮೇಲೆ ಹಾಕಬೇಕು ಅಂತ ಇಲಿಯಾಸ್ ಹೇಳಿಕೊಟ್ಟ. ಹಾಗೇ ಮಾಡಿದೆ.

ಶಿವರಾತ್ರಿ ಕಳೆದು ಚಳಿ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಗಂಡು ಮೀನು ಹೆಣ್ಣು ಮೀನನ್ನು ತೊಟ್ಟಿಯ ತುಂಬ ಅಟ್ಟಾಡಿಸುತ್ತಿತ್ತು. ಜಗಳ ಅಂದುಕೊಂಡು ನಾನು ಬಿಡಿಸಲು ಹೋದೆ. ನಾಗರತ್ನ ಬಾಯಿಗೆ ಸೆರಗು ಹಿಡಿದು ನಕ್ಕಳು. "ಬನ್ನಿ ಈಚೆಗೆ, ಮರ್ಯಾದೆಯಾಗಿ!" ಅಂದಳು. ಮಧ್ಯಾಹ್ನದ ಹೊತ್ತಿಗೆ ಅಂತರಗಂಗೆಯ ಬೇರಿನ ತುಂಬ ಸಬ್ಬಕ್ಕಿ ಅಂಟಿಸಿದ ಹಾಗೆ ಮೊಟ್ಟೆ.

ತಂದೆತಾಯಿಯೇ ಮೊಟ್ಟೆ ತಿಂದುಬಿಡುತ್ತವೆ ಅಂತ ಇಲಿಯಾಸ್ ಹೆದರಿಸಿದ್ದರಿಂದ ದೊಡ್ಡ ಮೀನುಗಳನ್ನು ಟಬ್ಬಿಗೆ ಸಾಗಿಸಿದೆವು. ನಾಲ್ಕನೇ ದಿನಕ್ಕೆ ತೊಟ್ಟಿಯ ಗೋಡೆಗೆಲ್ಲ ರೆಪ್ಪೆ ಕೂದಲಿನಂಥ ಮರಿಗಳು ಅಂಟಿಕೊಂಡವು. ಎಷ್ಟಿದ್ದವೋ, ಎಣಿಸಲಾಗದಷ್ಟು. ಎರಡು ದಿನ ಏನೂ ತಿನ್ನಲಿಲ್ಲ. ಆಮೇಲೆ ಈಜತೊಡಗಿದವು, ಹಸಿವೂ ಶುರುವಾಯಿತು. ಬೇಯಿಸಿದ ಮೊಟ್ಟೆಯ ಹಳದಿಯನ್ನು ನಾಗರತ್ನಳ ಲೈನಿಂಗ್ ಬಟ್ಟೆಯಲ್ಲಿ ಕಟ್ಟಿ, ನೀರಲ್ಲಿ ಅದ್ದಿ ಹಿಂಡುತ್ತಿದ್ದೆ. ಹಿಂಡಿದ್ದು ಜಾಸ್ತಿಯಾದರೆ ನೀರು ಕೊಳೆತು ಮರಿ ಸಾಯುತ್ತವೆ, ಕಮ್ಮಿಯಾದರೆ ಹಸಿದು ಸಾಯುತ್ತವೆ. ಮೊದಲ ವಾರ ಎರಡೂ ತಪ್ಪು ಮಾಡಿದೆ. ಬೆಳಿಗ್ಗೆ ಎದ್ದರೆ ತಳದಲ್ಲಿ ಬಿಳಿ ಪುಡಿಯ ಹಾಗೆ ಸತ್ತ ಮರಿಗಳು. ಮಗಳನ್ನು ಬೆಳೆಸುವಾಗ ಪಟ್ಟ ಆತಂಕವೇ ಮತ್ತೆ ಬಂದಿತು. ಅವಳನ್ನಾದರೂ ನಾಗರತ್ನ ಬೆಳೆಸಿದಳು, ನಾನು ಟ್ರಿಪ್ಪಿನ ಮೇಲಿದ್ದೆ. ಈ ಮರಿಗಳನ್ನು ನಾನೇ ಬೆಳೆಸಬೇಕು ಅಂತ ಹಟ ಹುಟ್ಟಿತು.

ಮೂರು ವಾರವಾದ ಮೇಲೆ ಸೊಳ್ಳೆ ಮರಿ ಕೊಡಬಹುದು ಅಂದ ಇಲಿಯಾಸ್. ಅಲ್ಲಿಂದ ನಾನು ಬೀದಿಯಲ್ಲಿ ನಗೆಪಾಟಲಾದೆ. ಬೆಳಿಗ್ಗೆ ಟೀ ಸೋಸುವ ಜರಡಿ ಹಿಡಿದು ಮನೆ ಮನೆಗೆ ಹೋಗಿ, "ಅಕ್ಕ, ನಿಮ್ಮ ಹೂಕುಂಡದಲ್ಲಿ ಸೊಳ್ಳೆ ಆಗಿದೆಯಾ?" ಅಂತ ಕೇಳುತ್ತಿದ್ದೆ. ನಗರಸಭೆಯಿಂದ ಬಂದ ಆರೋಗ್ಯ ಕಾರ್ಯಕರ್ತೆ ನಿಂತ ನೀರನ್ನೆಲ್ಲ ಚೆಲ್ಲಿಸುತ್ತಿದ್ದರೆ, ನಾನು ಅವರ ಹಿಂದೆಯೇ ಹೋಗಿ, "ಮೇಡಂ, ಒಂದ್ ನಿಮಿಷ, ಸೋಸ್ಕೊಂಡ್ಬಿಡ್ತೀನಿ" ಅನ್ನುತ್ತಿದ್ದೆ. ಅವರು ಮೊದಲು ಬೈದರು. ಆಮೇಲೆ ಅವರೇ ಬಾಟಲಿಯಲ್ಲಿ ತುಂಬಿ ತಂದುಕೊಡತೊಡಗಿದರು.

ಎರಡು ತಿಂಗಳಿಗೆ ಅರವತ್ತಮೂರು ಮರಿ ಉಳಿದವು. ಗಟ್ಟಿಮುಟ್ಟಾಗಿ, ಕಿರುಬೆರಳಿನ ಉಗುರಿನಷ್ಟು ದಪ್ಪಗೆ, ಬಾಲ ಬೀಸುತ್ತಾ ಓಡಾಡುತ್ತಿದ್ದವು. ಜಾಗ ಸಾಲದೆ ಕೆಲವನ್ನು ಇನ್ನೊಂದು ತೊಟ್ಟಿಗೆ ಹಾಕಿದೆ. ತೊಟ್ಟಿಯ ಮೇಲೆ ಬಾಗಿದ್ದ ಸೀಬೆ ಮರದ ಕೊಂಬೆ ಕಡಿದು ಎಳೆಬಿಸಿಲು ಬೀಳುವ ಹಾಗೆ ಮಾಡಿದೆ. ದಿನಾ ಒಂದಷ್ಟು ನೀರು ತೆಗೆದು, ಒಂದಷ್ಟು ಹೊಸ ನೀರು ಹಾಕಿದೆ. ಎಲ್ಲ ಸರಿ. ಬಣ್ಣ ಮಾತ್ರ ಇಲ್ಲ.

ನನಗಲ್ಲ, ನನಗೆ ಹೇಗೂ ಗೊತ್ತಾಗುತ್ತಿರಲಿಲ್ಲ. ನೋಡಿದವರೆಲ್ಲ ಹೇಳುತ್ತಿದ್ದರು. ನಾಗರತ್ನ, "ಕೆಸರಿನ ಬಣ್ಣವೇ ಇದೆಯಲ್ಲ ಇನ್ನೂ" ಅನ್ನುತ್ತಿದ್ದಳು. ಇಲಿಯಾಸ್, "ಹುಟ್ಟಿದಾಗ ಎಲ್ಲಾವೂ ಹಿಂಗೇ ಅಣ್ಣ, ಎರಡು ಮೂರು ತಿಂಗಳಿಗೆ ಚೇಂಜ್ ಆಗ್ತಾವೆ" ಅಂದಿದ್ದ. ಮೂರಾಯಿತು, ನಾಲ್ಕಾಯಿತು. "ಕೆಲವು ಲೇಟಾಗಿ ಆಗ್ತಾವೆ. ಕೆಲವು ಆಗೋದೇ ಇಲ್ಲ" ಅಂತ ಅವನು ರಾಗ ಬದಲಾಯಿಸಿದ.

ನನ್ನ ಬಾಮೈದ ಮಾದೇವ, ನಾಗರತ್ನಳ ತಮ್ಮ, ಸೋಸಲೆಯಲ್ಲಿ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವನು. ಒಂದು ಭಾನುವಾರ ಅಕ್ಕನಿಗೆ ಗಿಣ್ಣು ಹಾಲು ತಂದವನು ತೊಟ್ಟಿಯೊಳಗೆ ಬಗ್ಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಭಾವ, ಇವು ಗೋಲ್ಡೂ ಅಲ್ಲ ಗೀಲ್ಡೂ ಅಲ್ಲ. ನಮ್ ನಾಲೆ ಪಕ್ಕೆ ಮೀನು ಕಣ್ ಭಾವ! ಆ ಅಂತರಗಂಗೆ ಬೇರ್ನಲ್ಲೇ ಪಕ್ಕೆ ಮೊಟ್ಟೆ ಇದ್ದಾತು. ನಾಕ್ ತಿಂಗ್ಳು ಕೋಳಿ ಮೊಟ್ಟೆ ತಿನ್ನಿಸಿ ಪಕ್ಕೆ ಸಾಕಿದ್ದೀರಲ್ಲ!"

"ಲೇ, ಇವುಗಳ ಬಾಲ ನೋಡೋ, ಜೋಡಿ ಬಾಲ. ಪಕ್ಕೆಗೆ ಜೋಡಿ ಬಾಲ ಇರ್ತದಾ?" ಅಂದೆ.

"ಬಾಲ ಯಾರಿಗ್ ಬೇಕು? ಬಣ್ಣ ಎಲ್ಲದೆ? ಗೌರಿ ಅಬ್ಬಕ್ಕೆ ಅಕ್ಕಂಗೆ ಬಾಗಿನ ತಕಬತ್ತೀನಲ್ಲ, ಅಷ್ಟ್ರೊಳಗೆ ಬಣ್ಣ ಬರ್ನಿಲ್ಲ ಅಂದ್ರೆ ಎಲ್ಲಾನೂ ಕ್ಯಾನ್ಗೆ ತುಂಬ್ಕಂಡೋಗಿ ನಮ್ ತೋಟದ್ ಹೊಂಡಕ್ಕೆ ಬುಡ್ತೀನಿ. ಆಯ್ತಾ?"

ಅವನ ಹೊಂಡದಲ್ಲಿ ಮೊಣಕೈ ಉದ್ದದ ಕೊರವ ಮೀನುಗಳಿವೆ. ಒಂದು ಬೆಳಿಗ್ಗೆಗೆ ನನ್ನ ಅರವತ್ತಮೂರನ್ನೂ ಮುಗಿಸಿಬಿಡುತ್ತವೆ. ಸಿಟ್ಟಿನಲ್ಲಿ ನಾನು, "ಆಯ್ತು, ತಗೊಂಡೋಗು!" ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಆಷಾಢದ ಗಾಳಿ ಬೀಸತೊಡಗಿದ ವಾರ ಇನ್ನೊಂದು ಗ್ರಹಚಾರ. ಒಂದು ಬೆಳಿಗ್ಗೆ ನಾಗರತ್ನ ತೊಟ್ಟಿಯ ಹತ್ತಿರದಿಂದ ಕೂಗಿದಳು.

"ರೀ, ಬನ್ರೀ ಇಲ್ಲಿ! ಮರಿಗಳೆಲ್ಲ ಕಪ್ಪಾಗ್ತಿವೆ!"

ಕಪ್ಪು ನನಗೂ ಕಾಣುತ್ತದೆ. ಹತ್ತು ಹನ್ನೆರಡು ಮರಿಗಳ ಬೆನ್ನು, ರೆಕ್ಕೆಯ ತುದಿ ಕಾಡಿಗೆ ತೀಡಿದ ಹಾಗಿತ್ತು. ನಾಲ್ಕು ದಿನ ಕಳೆಯುವುದರೊಳಗೆ ಇಪ್ಪತ್ತಕ್ಕೆ ಹರಡಿತು. ಇಲಿಯಾಸನನ್ನು ಕರೆತಂದೆ. ಅವನು ತೋಳು ಮಡಚಿ, ಒಂದು ಮರಿಯನ್ನು ಲೋಟದಲ್ಲಿ ಹಿಡಿದು, ಬೆಳಕಿಗೆತ್ತಿ ನೋಡಿ ಮುಖ ಸಣ್ಣದು ಮಾಡಿದ.

"ಅಣ್ಣ, ನೀರು ಕೆಟ್ಟಿರ್ಬೇಕು. ಗಲೀಜು ಜಾಸ್ತಿಯಾದ್ರೆ ಮೈ ಸುಟ್ಟಂಗಾಗಿ ಕಪ್ಪಾಗ್ತಾವೆ. ನನ್ನ ಅಂಗಡೀಲೂ ಒಂದ್ ಸಾರಿ ಆಗಿತ್ತು, ಒಂದೂ ಉಳೀಲಿಲ್ಲ. ಈ ಔಷಧಿ ಹಾಕಿ. ಇಲ್ಲಾಂದ್ರೆ ಕಪ್ಪಾಗಿರೋವು ಎಲ್ಲಾ ತೆಗೆದು ಎಸೀರಿ, ಉಳಿದಿದ್ದಾದ್ರೂ ಬದುಕ್ಲಿ."

ಔಷಧಿಯ ಬಾಟಲಿ ಕೈಗಿಟ್ಟು ಹೋದ. ಅದನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ನಾನು ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತೆ. ಅವತ್ತು ನನ್ನ ವಾರದ ರಜೆ. ಮರಿಗಳು ರೆಕ್ಕೆ ಮುದುಡಿಕೊಂಡಿವೆಯೇ ಅಂತ ನೋಡಿದೆ. ಇಲ್ಲ, ಬಾವುಟದ ಹಾಗೆ ಎತ್ತಿಕೊಂಡಿವೆ. ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆಯೇ? ಅದೂ ಇಲ್ಲ. ಸೊಳ್ಳೆ ಮರಿ ಹಾಕಿದೆ. ಮದುವೆ ಊಟದ ಮೊದಲನೇ ಪಂಕ್ತಿಗೆ ನುಗ್ಗುವವರ ಹಾಗೆ ಎಲ್ಲಕ್ಕಿಂತ ಮುಂಚೆ ಕಪ್ಪು ಮರಿಗಳೇ ನುಗ್ಗಿದವು. ಕಾಯಿಲೆಯವರು ಹೀಗೆ ತಿನ್ನುತ್ತಾರೆಯೇ?

ಒಂದು ಕಪ್ಪು ಮರಿಯನ್ನು ಗಾಜಿನ ಬಾಟಲಿಗೆ ಹಾಕಿ, ಹಿಂದೆ ನಾಗರತ್ನಳ ಬಿಳಿ ಲೈನಿಂಗ್ ತುಂಡು ಇಟ್ಟು, ಪಕ್ಕದಿಂದ ನೋಡಿದೆ. ತೊಟ್ಟಿಯಲ್ಲಿ ಮೇಲಿನಿಂದ ನೋಡುವಾಗ ನಮಗೆ ಕಾಣುವುದು ಬೆನ್ನು ಮಾತ್ರ. ಈಗ ಹೊಟ್ಟೆ ಕಂಡಿತು. ಎದೆ ರೆಕ್ಕೆಯ ಕೆಳಗಿನಿಂದ ಬಾಲದ ಬುಡದವರೆಗೆ, ಅಕ್ಕಿ ನೀರಿನಷ್ಟು ತೆಳುವಾಗಿ, ಹೊಟ್ಟೆ ಬೆಳಗಿತ್ತು. ಇನ್ನೊಂದು ಹಿಡಿದೆ. ಅದರದ್ದೂ ಹಾಗೇ. ಮೂರನೆಯದರಲ್ಲಿ ಇರಲಿಲ್ಲ. ಬಾಲದ ಹತ್ತಿರ ಮಚ್ಚೆಯಿದ್ದ ನಾಲ್ಕನೆಯದರಲ್ಲಿ ಇತ್ತು.

"ನಾಗು, ಬಾ ಇಲ್ಲಿ. ಇದರ ಹೊಟ್ಟೆ ನೋಡು. ಬಣ್ಣ ತಿರುಗ್ತಿದೆ."

ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ನೀರಿಗೆ ಪಾಚಿಯ ಛಾಯೆ ಇತ್ತು.

"ಎಲ್ಲಿ? ಎಲ್ಲಾ ಒಂದೇ ಪಾಚಿ ಬಣ್ಣ, ಮೇಲೆ ಕಪ್ಪು. ನಂಗೇನೂ ಕಾಣ್ತಿಲ್ಲ."

"ಕಾಣ್ತಿದೆ ಕಣೆ, ಇಲ್ಲಿಂದ ಇಲ್ಲಿವರೆಗೆ."

ಅವಳು ನನ್ನ ಮುಖ ನೋಡಿದಳು. ಹೇಳಬೇಕೋ ಬೇಡವೋ ಅಂತ ತಡವರಿಸಿ ಹೇಳಿಯೇಬಿಟ್ಟಳು. "ಬಣ್ಣದ ವಿಷಯದಲ್ಲಿ ನಿಮ್ಮ ಮಾತು ನಂಬ್ಕೊಂಡು ಕೂತ್ರೆ ಹೆಂಗ್ರೀ? ಔಷಧಿ ಹಾಕಿಬಿಡೋಣ."

ಅವಳ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ಇಪ್ಪತ್ತೇಳು ವರ್ಷ ನನ್ನ ಅಂಗಿ ಜೋಡಿಸಿಟ್ಟವಳು. ಅದಕ್ಕೇ ನನಗೆ ಇನ್ನೂ ಹೆಚ್ಚು ಚುಚ್ಚಿತು. ಹೋಗಿ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತೆ.

ಕೂತಾಗ ಕಳಲೆಯ ಬೇಲಿಗಳು ನೆನಪಾದವು. ಹುಡುಗರಾಗಿದ್ದಾಗ ಬೇಲಿಯ ಸೊಪ್ಪಿನೊಳಗೆ ಹಸಿರು ಹಾವು ಇದ್ದರೆ ಎಲ್ಲರಿಗಿಂತ ಮೊದಲು ಕಾಣುತ್ತಿದ್ದುದು ನನಗೆ. "ಅಲ್ಲದೆ ನೋಡ್ರೋ" ಅಂತ ನಾನು ಬೆರಳು ಮಾಡಿದರೂ ಉಳಿದವರಿಗೆ ಅದು ಮಿಸುಕುವವರೆಗೆ ಎಲೆಯಾಗಿಯೇ ಕಾಣುತ್ತಿತ್ತು. ಗೋಸುಂಬೆಯೂ ಅಷ್ಟೇ. ಅದು ಏನೆಲ್ಲ ಬಣ್ಣ ಬದಲಾಯಿಸಿದರೂ ನನ್ನ ಮುಂದೆ ಅದರ ಆಟ ನಡೆಯುತ್ತಿರಲಿಲ್ಲ. ಹುಡುಗರು ನನಗೆ ಹದ್ದಿನಕಣ್ಣ ಅಂತ ಹೆಸರಿಟ್ಟಿದ್ದರು. ಬಣ್ಣ ನನ್ನನ್ನು ದಿಕ್ಕುತಪ್ಪಿಸುವುದಿಲ್ಲವಲ್ಲ, ಹಾಗಾಗಿ ಎಲ್ಲಿ ಬೆಳಕು, ಎಲ್ಲಿ ನೆರಳು, ಎಲ್ಲಿ ಅಂಚು ಅನ್ನುವುದನ್ನೇ ನೋಡಿ ನೋಡಿ ನನ್ನ ಕಣ್ಣು ಪಳಗಿತ್ತು. ಆ ಮಾತನ್ನು ನಾನೇ ಮರೆತುಬಿಟ್ಟಿದ್ದೆ. ಹೊಟ್ಟೆಯ ಮೇಲೆ ನಾನು ಕಂಡದ್ದು ಕಲ್ಪನೆಯಲ್ಲ ಅಂತ ಆಗ ಗಟ್ಟಿಯಾಯಿತು.

ಎದ್ದು ಹೋಗಿ ನಾಗರತ್ನಳಿಗೆ ಹೇಳಿದೆ. "ಔಷಧಿ ಬೇಡ. ನೀರು ಬದಲಾಯಿಸ್ತೀನಿ, ಊಟ ಹಾಕ್ತೀನಿ. ಹತ್ತು ದಿನ ಟೈಮ್ ಕೊಡು. ಒಂದು ಮರಿ ಸತ್ರೂ ನೀನು ಹೇಳಿದ ಹಾಗೆ ಮಾಡೋಣ."

"ನಾನು ಔಷಧಿ ಮುಟ್ಟಲ್ಲ" ಅಂದಳು. "ಆದ್ರೆ ಸತ್ರೆ ಅಳ್ಬಾರ್ದು."

ಆ ದಿನಗಳಲ್ಲಿ ನನಗೆ ಬಸ್ಸಿನಲ್ಲಿ ಮನಸ್ಸಿರಲಿಲ್ಲ. ಸ್ಟಾಪ್ ಬಂದರೂ ಸೀಟಿ ಊದದೆ ನಿಂತು, "ಏನ್ ಕಂಡಕ್ಟರೇ, ನಮ್ಮೂರು ದಾಟ್ಸಿ ನರಸೀಪುರಕ್ಕೇ ಕರ್ಕೊಂಡೋಗ್ತೀರಾ?" ಅಂತ ಬೈಸಿಕೊಂಡೆ. ಎರಡನೇ ದಿನ ಕಪ್ಪು ಇನ್ನೂ ಜಾಸ್ತಿಯಾಯಿತು. ಐದನೇ ದಿನ ಒಂದು ಮರಿ ತೊಟ್ಟಿಯ ಮೂಲೆಯಲ್ಲಿ ಅಲ್ಲಾಡದೆ ನಿಂತಿತ್ತು. ಕೈ ಹಾಕಲು ಧೈರ್ಯ ಬರಲಿಲ್ಲ. ನೀರಿಗೆ ಒಂದು ಬೆರಳು ಸೋಕಿಸಿದೆ. ಚಂಗನೆ ಹಾರಿ ಓಡಿತು. ನಿದ್ದೆ ಮಾಡುತ್ತಿತ್ತು, ಕಳ್ಳ!

ಎಂಟನೇ ದಿನ ಬೆಳಿಗ್ಗೆ ನಾನು ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತಿದ್ದೆ. ಹಿತ್ತಲಿನಿಂದ ಕಿರುಚಿದ್ದು ಕೇಳಿಸಿತು. ಉಳಿದ ಗುಂಡಿ ಹಾಗೇ ಬಿಟ್ಟು ಓಡಿದೆ. ನಾಗರತ್ನ ತೊಟ್ಟಿಯ ಅಂಚಿಗೆ ಎರಡೂ ಕೈ ಊರಿ, ಸೆರಗು ನೀರಿಗೆ ಬಿದ್ದಿದ್ದರೂ ಗಮನವಿಲ್ಲದೆ ನಿಂತಿದ್ದಳು.

"ರೀ... ಚಿನ್ನ ಕಣ್ರೀ!"

"ಯಾವುದು?"

"ಇದು! ಅದೋ, ಅದೂ! ಕಪ್ಪಿನ ಕೆಳಗಿಂದ ಬಂದ್ಬಿಟ್ಟಿದೆ, ಕುಂಕುಮಕ್ಕೆ ಅರಿಶಿನ ಬೆರೆಸಿದ ಹಂಗೆ. ನೀವು ಬಾಟ್ಲೀಲಿ ಹಿಡಿದು ತೋರಿಸಿದ್ರಲ್ಲ, ಬಾಲದ ಹತ್ರ ಮಚ್ಚೆ ಇದ್ದಿದ್ದು, ಅದೇ ಮೊದಲನೇದು!"

ನಾನು ಬಗ್ಗಿ ನೋಡಿದೆ. ನನಗೆ ಕಂಡದ್ದು ಕಪ್ಪು ಸರಿದ ಬೆಳಕು. ಸಾಕಾಗಿತ್ತು. ನಾಗರತ್ನ ನನ್ನ ತೋಳು ಹಿಡಿದುಕೊಂಡು, "ನಂಗೆ ಕಾಣ್ಲಿಲ್ಲ, ನಿಮಗೆ ಕಾಣ್ತಲ್ರೀ" ಅಂದಳು. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಈ ಮಾತು ಕೇಳುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಳಬಾರದು ಅಂತ ಅವಳು ಹಾಕಿದ್ದ ಷರತ್ತು ಸತ್ತರೆ ಮಾತ್ರ ಅನ್ವಯವಾಗುವಂಥದ್ದು. ಆದ್ದರಿಂದ ಧಾರಾಳವಾಗಿ ಕಣ್ಣು ಒರೆಸಿಕೊಂಡೆ. ಅವತ್ತು ಡ್ಯೂಟಿಗೆ ಹತ್ತು ನಿಮಿಷ ತಡ. ಡ್ರೈವರ್ ಬೈದ. ಅವನಿಗೂ ಒಂದು ಮರಿ ಕೊಡುತ್ತೇನೆ ಅಂದೆ.

ಸಾಯಂಕಾಲ ಇಲಿಯಾಸ್ ಬಂದ. ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಮರಿಯನ್ನು ನೋಡಿ, ಕೊನೆಗೆ ಕಿವಿ ಮುಟ್ಟಿಕೊಂಡ.

"ಮಾಫ್ ಮಾಡಿ ಅಣ್ಣ. ಬಣ್ಣ ಬರೋ ಮುಂಚೆ ಕೆಲವು ಕಪ್ಪಾಗ್ತಾವೆ ಅಂತ ಕೇಳಿದ್ದೆ, ಇಷ್ಟು ಒಟ್ಟಿಗೆ ಆಗಿದ್ದು ನೋಡಿರ್ಲಿಲ್ಲ. ಮೈಸೂರಿಂದ ದೊಡ್ಡ ಮೀನೇ ತಂದು ಮಾರೋನು ನಾನು. ನಿಮ್ಮಂಗೆ ಮರಿಯಿಂದ ಸಾಕಿದ್ದೀನಾ? ನಿಮಗೆ ಹೆಂಗ್ ಗೊತ್ತಾಯ್ತು?"

ಹೇಳಿದೆ. ಟೊಮೆಟೊ, ಚುಕ್ಕೆ ಪುಸ್ತಕ, ಹಸಿರು ಹಾವು ಎಲ್ಲವನ್ನೂ ಹೇಳಿದೆ. ಅವನು ನಂಬಲಿಲ್ಲ. ಪರೀಕ್ಷೆ ಮಾಡೇಬಿಡೋಣ ಅಂದ. ಕಪ್ಪಾಗಿಯೇ ಉಳಿದಿದ್ದ ಹದಿನೈದು ಮರಿಗಳನ್ನು ಬಾಟಲಿಗೆ ಒಂದೊಂದಾಗಿ ಹಾಕಿ ನನ್ನ ಮುಂದಿಟ್ಟ. ಮುಂದಿನ ವಾರ ತಿರುಗುವವು ಯಾವುವು ಅಂತ ನಾನು ಹೇಳಬೇಕು. ಆರು ಆರಿಸಿ ಬೇರೆ ಟಬ್ಬಿಗೆ ಹಾಕಿಸಿದೆ. ನಾಗರತ್ನ ಟಬ್ಬಿನ ಮೇಲೆ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ "ಯಜಮಾನರು ಹೇಳಿದ್ದು" ಅಂತ ಬರೆದಳು. ವಾರದೊಳಗೆ ಐದು ತಿರುಗಿದವು. ಆರನೆಯದು ಎಂಟನೇ ದಿನ ತಿರುಗಿ ನನ್ನ ಮಾನ ಪೂರ್ತಿ ಉಳಿಸಿತು. ಇಲಿಯಾಸ್ ಈಗ ಅಂಗಡಿಗೆ ಬಂದವರಿಗೆಲ್ಲ, "ಆ ಕಂಡಕ್ಟರಣ್ಣನ ಮನೆಗೆ ಹೋಗಿ, ಮರಿ ನೋಡಿದ್ರೆ ಸಾಕು ಹೇಳ್ತಾರೆ" ಅನ್ನುತ್ತಾನೆ. ನಾನು ಇದನ್ನು ಕೇಳಿಸಿಕೊಳ್ಳದವನ ಹಾಗೆ ಅವನ ಅಂಗಡಿಯ ಮುಂದೆ ಬೇಕಂತಲೇ ನಿಧಾನವಾಗಿ ನಡೆಯುತ್ತೇನೆ.

ಗೌರಿ ಹಬ್ಬದ ದಿನ ಮಾದೇವ ಬಂದ. ಒಂದು ಕೈಯಲ್ಲಿ ಅಕ್ಕನ ಬಾಗಿನ, ಇನ್ನೊಂದು ಕೈಯಲ್ಲಿ ಖಾಲಿ ಹಾಲಿನ ಕ್ಯಾನು. ಮಾತು ಮರೆತಿರಲಿಲ್ಲ ಪುಣ್ಯಾತ್ಮ. ನಾನು ಹಿತ್ತಲ ಬಾಗಿಲು ತೆಗೆದೆ. ಬೆಳಗಿನ ಬಿಸಿಲು ನೇರವಾಗಿ ತೊಟ್ಟಿಗೆ ಬೀಳುತ್ತಿತ್ತು. ಅಷ್ಟರಲ್ಲಿ ಮೂವತ್ತೆಂಟು ಮರಿ ತಿರುಗಿದ್ದವು. ಹನ್ನೊಂದು ಕೆಸರಿನ ಬಣ್ಣದಲ್ಲೇ ನೆಮ್ಮದಿಯಾಗಿದ್ದವು. ಅವು ಹಾಗೇ ಇರುತ್ತವೋ ಏನೋ, ಇರಲಿ. ಉಳಿದವು ಇನ್ನೂ ಕಪ್ಪು. ಒಂದೇ ಒಂದೂ ಸತ್ತಿರಲಿಲ್ಲ.

ಮಾದೇವ ಕ್ಯಾನು ಕೆಳಗಿಟ್ಟ. ತೊಟ್ಟಿಯ ಸುತ್ತ ಒಂದು ಸುತ್ತು ಬಂದ.

"ಅಕ್ಕ, ಇದೇನಕ್ಕ ಇದು! ದೀಪ ಅಚ್ಚಿಟ್ಟಂಗದೆ!"

ನಾಗರತ್ನ ನನ್ನ ಪಕ್ಕ ನಿಂತು, ನನಗೆ ಕೇಳಿಸುವ ಹಾಗೆ ಒಂದೊಂದರ ಬಣ್ಣ ಹೇಳತೊಡಗಿದಳು. "ಇದು ಕನಕಾಂಬರ. ಇದು ಬಾದಾಮಿ ಮಾವು. ಇದು ಕಿತ್ತಳೆ ಸಿಪ್ಪೆ. ಅದು ನೋಡಿ, ಚೆಂಡುಹೂವು. ಇದಕ್ಕೆ ನನ್ನ ಹತ್ರ ಮ್ಯಾಚಿಂಗ್ ದಾರವೇ ಇಲ್ಲ." ನನಗೆ ಬಣ್ಣ ಕಾಣದಿದ್ದರೂ ಹೂವು ಹಣ್ಣುಗಳ ಆ ಹೆಸರು ಕೇಳುತ್ತಾ ಕೇಳುತ್ತಾ ತೊಟ್ಟಿ ತುಂಬಿದ ಹಾಗಾಯಿತು.

ಮಾದೇವ ತಲೆ ಕೆರೆದುಕೊಂಡ. "ಭಾವ, ಮಾತ್ನಲ್ಲಿ ಸೋತೆ. ಆದ್ರೂವೆ ಕ್ಯಾನ್ ಖಾಲಿ ತಕಂಡೋಗದು ಎಂಗೆ? ನಾಕ್ ಕೊಡಿ. ಹೊಂಡಕ್ ಬುಡಕಿಲ್ಲ, ಆಣೆ. ಕೊಟ್ಟಿಗೆ ಪಕ್ಕದ್ ಕಲ್ಲಿನ್ ಬಾನೀಲಿ ಸಾಕ್ತೀನಿ. ಆ ಚೆಂಡುಹೂವ ಕೊಡಿ, ಆ ಮಾವಿನಣ್ಣ ಕೊಡಿ."

"ಬೇಡ" ಅಂದೆ. ಬಾಟಲಿ ತಂದು, ಬಿಳಿ ಬಟ್ಟೆ ಹಿಂದಿಟ್ಟು, ಕಪ್ಪು ಮರಿಗಳಲ್ಲಿ ನಾಲ್ಕು ಆರಿಸಿ ಅವನ ಕ್ಯಾನಿಗೆ ಹಾಕಿದೆ. "ಬಣ್ಣ ಬಂದಿರೋದ್ನ ಯಾರು ಬೇಕಾದ್ರೂ ಸಾಕ್ತಾರೆ. ಇವನ್ನ ನೀನು ತಿರುಗಿಸು."

ಅವನು ಕ್ಯಾನಿನೊಳಗೆ ಇಣುಕಿ, "ಇದ್ಲು ಕೊಟ್ರಲ್ಲ ಭಾವ" ಅಂದ. ಆದರೂ ತೆಗೆದುಕೊಂಡು ಹೋದ. ನಾನು ಹೇಳಿಕೊಟ್ಟದ್ದನ್ನೆಲ್ಲ, ನೀರು ಹಿಡಿದಿಡುವುದು, ಊಟ ಕಮ್ಮಿ ಹಾಕುವುದು, ಬಿಸಿಲಿಗೆ ಇಡುವುದು, ಬಾಯಿಪಾಠ ಒಪ್ಪಿಸಿ ಹೋದ.

ಎರಡು ವಾರ ಸುದ್ದಿಯಿಲ್ಲ. ಕೇಳಲು ನನಗೂ ಹೆದರಿಕೆ. ಮೂರನೇ ವಾರ ಒಂದು ಬೆಳಿಗ್ಗೆ ಬಸ್ಸು ಸುತ್ತೂರಿನಲ್ಲಿ ನಿಂತಿದ್ದಾಗ ಫೋನ್ ಬಂತು. ತೆಗೆದರೆ ಮಾದೇವನ ಕೂಗು ಮುಂದಿನ ಸೀಟಿನವರಿಗೂ ಕೇಳಿಸಿತು. ಹಿಂದೆ ಹಸು ಅಂಬಾ ಅನ್ನುತ್ತಿತ್ತು.

"ಭಾವಾ! ತಿರುಗ್ದೋ ಕಣ್ ಭಾವಾ! ಮೂರು ತಿರುಗ್ದೋ! ಊರೋರೆಲ್ಲ ಬಂದ್ ಬಾನಿ ಸುತ್ತ ನಿಂತವ್ರೆ!"

ಬಸ್ಸಿನ ಗದ್ದಲದ ಮೇಲೆ ನಾನೂ ಕೂಗಿದೆ. "ನಾಲ್ಕನೇದು ಏನಾಯ್ತೋ?"

"ಅದೇ ಭಾವ ಕಷ್ಟ. ನನ್ ಹೆಂಡ್ತಿ ತಿರುಗ್ತಾ ಅದೆ ಅಂತಾಳೆ, ನಾನು ಇಲ್ಲ ಅಂತೀನಿ. ಊರೋರು ಎಲ್ಡ್ ಪಾರ್ಟಿ ಆಗವ್ರೆ. ನಮ್ ಕಣ್ಣು ನೆಚ್ಕಳಕ್ಕಾಗಕಿಲ್ಲ. ನೀವೇ ಬಂದ್ ನೋಡಿ ಏಳ್ಬುಡಿ ಭಾವ!"

ಬಸ್ಸಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಬುಧವಾರ ನನ್ನ ರಜೆ, ಬರುತ್ತೇನೆ ಅಂದೆ. ಬಂದು ನೋಡುವವರೆಗೆ ಯಾರೂ ತೀರ್ಮಾನ ಮಾಡಕೂಡದು ಅಂತಲೂ ಹೇಳಿ, ಜೋರಾಗಿ ಸೀಟಿ ಊದಿದೆ.